ಕೊನೆಗೆ ಮಳೆ ಬಂತಾ?

ನಿರಾಸೆ ಮಾಡಿದ ಸಿನಿಮಾ, ಸೀರಿಯಲ್‌ಗಳ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಅಂದುಕೊಳ್ಳುತ್ತಿದ್ದೆ. ಮೊನ್ನೆ ಪಟ್ಟಿ ಮಾಡೋಕೆ ಕೂತರೆ ಅದು ತಿಂಗಳ ದಿನಸಿ ಚೀಟಿಗಿಂತ ಉದ್ದ ಆಯ್ತು! ಏಳು ಸೀಸನ್ ಉಸಿರು ಬಿಗಿ ಹಿಡಿದು ನೋಡಿಸಿ, 2019ರಲ್ಲಿ ಕೊನೆಯ ಆರೇ ಕಂತಿನಲ್ಲಿ ಎಲ್ಲಾ ಗುಡಿಸಿ ಹಾಕಿದ 'ಗೇಮ್ ಆಫ್ ಥ್ರೋನ್ಸ್'ನಿಂದ ಶುರುವಾಗಿ ಎಲ್ಲೆಲ್ಲಿಗೋ ಹೋಯ್ತು. ಆಮೇಲೆ ಅನ್ನಿಸಿತು, ಇವೆಲ್ಲ ಬರೀ ಸಿಟ್ಟು. ಎರಡು ದಿನ ಗೆಳೆಯರ ಹತ್ತಿರ ಬೈದರೆ ಇಳಿದುಹೋಗುತ್ತೆ. ಆದರೆ ಒಂದು ಸಿನಿಮಾ ಮಾತ್ರ ಹಾಗಲ್ಲ. ಅದರ ಬಗ್ಗೆ ನನಗೂ ಅಪ್ಪನಿಗೂ ಸುಮಾರು ಹತ್ತು ವರ್ಷದಿಂದ ಜಗಳ ನಡೀತಾನೇ ಇದೆ. ಆ ಸಿನಿಮಾ 1965ರ 'ಗೈಡ್'.

ಗೈಡ್‌ನಲ್ಲಿ ನಿರಾಸೆಯಾ? ದೇವ್ ಆನಂದ್, ವಹೀದಾ ರೆಹಮಾನ್, ಎಸ್.ಡಿ. ಬರ್ಮನ್ ಸಂಗೀತ! ಕಲ್ಲು ಹೊಡೀಬೇಡಿ, ಸ್ವಲ್ಪ ತಾಳಿ.

ನಾನು ಅದನ್ನ ಮೊದಲು ನೋಡಿದ್ದು ಎಂಟನೇ ಕ್ಲಾಸಿನಲ್ಲಿ, ಅಪ್ಪ ತಂದ ಡಿವಿಡಿಯಲ್ಲಿ. ಮೂರು ಗಂಟೆಯ ಸಿನಿಮಾ. ಹಿಂದಿ ಅರ್ಧಂಬರ್ಧ ಅರ್ಥ ಆಗ್ತಿತ್ತು. ಕೊನೆಯಲ್ಲಿ ಉಪವಾಸ ಕೂತ ರಾಜು, ಗುಡಿಯ ಸುತ್ತ ಸಾವಿರಾರು ಜನ, ಆಮೇಲೆ ಗುಡುಗು, ಮಳೆ, ಜನರ ಕುಣಿತ, ಒಳಗೆ ರಾಜು ಸತ್ತಿರುತ್ತಾನೆ. ಅಪ್ಪ ಟವೆಲ್ಲಿನಲ್ಲಿ ಕಣ್ಣು ಒರೆಸಿಕೊಂಡರು. ಅಪ್ಪ ಅತ್ತಿದ್ದನ್ನ ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಕಾಲೇಜು ಲೈಬ್ರರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮೂಲ ಕಾದಂಬರಿ ಸಿಕ್ಕಿತು. ಹಾಸ್ಟೆಲ್‌ನಲ್ಲಿ ರಾತ್ರಿ ಕೂತು ಓದಿ ಮುಗಿಸಿದೆ. ಮುಗಿಸಿದೆ ಅಂದರೆ... ಮುಗಿಯಿತು ಅಂತಲೇ ಗೊತ್ತಾಗಲಿಲ್ಲ. ರಾಜು ನಿತ್ರಾಣನಾಗಿ ಇಬ್ಬರ ಆಸರೆಯಲ್ಲಿ ನದಿಗೆ ಇಳಿಯುತ್ತಾನೆ. ದೂರದ ಬೆಟ್ಟದಲ್ಲಿ ಮಳೆ ಬರ್ತಿದೆ, ಕಾಲಡಿಯಲ್ಲಿ ನನಗೆ ಗೊತ್ತಾಗ್ತಿದೆ ಅನ್ನೋ ಅರ್ಥದ ಮಾತು ಹೇಳಿ ಕುಸಿಯುತ್ತಾನೆ. ಅಷ್ಟೇ. ಮುಂದಿನ ಪುಟ ಖಾಲಿ. ಲೈಬ್ರರಿ ಪುಸ್ತಕ ತಾನೆ, ಯಾರೋ ಪುಣ್ಯಾತ್ಮ ಕೊನೇ ಹಾಳೆ ಹರಿದುಕೊಂಡಿರಬೇಕು ಅಂದುಕೊಂಡೆ! ಹೊಲಿಗೆ ಹತ್ತಿರ ಬೆರಳಾಡಿಸಿ ನೋಡಿದೆ. ಇಲ್ಲ, ಎಲ್ಲಾ ಹಾಳೆಯೂ ಇತ್ತು.

ಅಂದರೆ ನನಗೆ ಮೊದಲು ನಿರಾಸೆ ಮಾಡಿದ್ದು ಸಿನಿಮಾ ಅಲ್ಲ, ಪುಸ್ತಕ. ಮಳೆ ಬಂತಾ ಇಲ್ವಾ? ಅವನು ಸತ್ತನಾ, ಬರೀ ತಲೆ ತಿರುಗಿ ಬಿದ್ದನಾ? ಇದೆಂಥಾ ಕತೆ ಮುಗಿಸೋ ರೀತಿ ಅಂತ ಬೈದುಕೊಂಡು ಮಲಗಿದೆ. ಆ ಬೈಗುಳವನ್ನ ವಾಪಸ್ ತಗೊಳ್ಳೋಕೆ ನನಗೆ ಸುಮಾರು ವರ್ಷ ಬೇಕಾಯ್ತು. ಆ ಮಧ್ಯೆ ಈ ಕತೆ ಹುಟ್ಟಿದ ರೀತಿ, ಅದು ಸಿನಿಮಾ ಆದ ರೀತಿ ಓದುತ್ತಾ ಹೋದೆ. ಅದರ ಇತಿಹಾಸ ಕತೆಯಷ್ಟೇ ಚೆನ್ನಾಗಿದೆ. ಜೊತೆಗೆ ಅದು ನಮ್ಮ ಊರ ಕಡೆಯದ್ದೇ.

*

ಕತೆ ಶುರುವಾಗುವುದು ಕನ್ನಂಬಾಡಿಯಲ್ಲಿ. ನಾರಾಯಣ್ ತಮ್ಮ ಆತ್ಮಕತೆ 'ಮೈ ಡೇಸ್'ನಲ್ಲಿ (1974) ಇದನ್ನ ಬರೆದಿದ್ದಾರೆ. ಆಗ ಮೈಸೂರಿಗೆ ಭೀಕರ ಬರ ಬಂದಿತ್ತು. ಕೆರೆ ಕಟ್ಟೆಗಳ ಜೊತೆ ಕೃಷ್ಣರಾಜಸಾಗರವೂ ಬತ್ತಿ, ತಳದ ನೆಲ ಬಿರುಕು ಬಿಟ್ಟು, ಮುಳುಗಿದ್ದ ಹಳೆಯ ದೇವಸ್ಥಾನವೊಂದು ಮೇಲೆ ಕಾಣಿಸಿಕೊಂಡಿತಂತೆ. ಅದು ಹಳೇ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವೇ ಇರಬೇಕು. ನಮ್ಮ ಕಡೆ ನೀರು ಇಳಿದ ವರ್ಷ ಜನ ಬಸ್ಸು ಮಾಡಿಕೊಂಡು ನೋಡೋಕೆ ಹೋಗುತ್ತಿದ್ದ ದೇವಸ್ಥಾನ ಅದು. ಈಗ ಅದನ್ನ ಕಲ್ಲು ಕಲ್ಲೇ ಬಿಚ್ಚಿ ತಂದು ದಡದಲ್ಲಿ ಕಟ್ಟಿದ್ದಾರೆ. ಬೇರೆ ದಾರಿ ಕಾಣದೆ ಊರಿನ ಆಡಳಿತದವರು ಮಳೆಗಾಗಿ ಪ್ರಾರ್ಥನೆ ಏರ್ಪಡಿಸಿದರು. ಕಾವೇರಿಯ ಒಣಗಿದ ಪಾತ್ರದಲ್ಲಿ, ಕಷ್ಟಪಟ್ಟು ತರಿಸಿದ ಮೊಣಕಾಲುದ್ದದ ನೀರಿನಲ್ಲಿ ಬ್ರಾಹ್ಮಣರು ನಿಂತು, ಉಪವಾಸವಿದ್ದು ಹನ್ನೊಂದು ದಿನ ಮಂತ್ರ ಹೇಳಿದರು. ಹನ್ನೆರಡನೇ ದಿನ ಮಳೆ ಬಂತು!

ನೋಡಿ, ನಿಜವಾದ ಘಟನೆಯಲ್ಲಿ ಮಳೆ ಬಂದಿದೆ. ಆ ಕೊನೆ ಅವರ ಕೈಯಲ್ಲೇ ಇತ್ತು. ಆದರೂ ನಾರಾಯಣ್ ಅದನ್ನ ಬಳಸಲಿಲ್ಲ.

1956ರಲ್ಲಿ ರಾಕ್‌ಫೆಲರ್ ಫೆಲೋಶಿಪ್ ಸಿಕ್ಕಿ ಅವರು ಅಮೆರಿಕಕ್ಕೆ ಹೋದರು. ಈ ಬರದ ಕತೆಯನ್ನ ಬರೆದದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಒಂದು ಹೋಟೆಲ್ ಕೋಣೆಯಲ್ಲಿ ಕೂತು. ನಾಯಕ ಕೊನೆಗೆ ಬದುಕಬೇಕಾ ಸಾಯಬೇಕಾ ಅನ್ನುವುದು ಅವರಿಗೇ ತೀರ್ಮಾನವಾಗಿರಲಿಲ್ಲ. ಗೆಳೆಯ, ಕಾದಂಬರಿಕಾರ ಗ್ರಹಾಂ ಗ್ರೀನ್ ಅವರಿಗೆ ಕತೆ ಹೇಳಿದಾಗ ಅವರು, ಸಾಯಲೇಬೇಕು ಅಂತ ಖಡಾಖಂಡಿತವಾಗಿ ಹೇಳಿದರಂತೆ. ಹೀಗೆ ರಾಜುವಿನ ಸಾವು ಮೊದಲೇ ಬರೆದಿಟ್ಟ ಹಣೆಬರಹ. ಆದರೂ ಪುಸ್ತಕದ ಕೊನೆಯ ಸಾಲಿನಲ್ಲಿ 'ಸತ್ತ' ಅಂತ ಇಲ್ಲ, 'ಮಳೆ ಬಂತು' ಅಂತಲೂ ಇಲ್ಲ. ಕುಸಿದ, ಅಷ್ಟೇ.

ಯಾಕೆ ಹೀಗೆ ಮಾಡಿದರು ಅಂತ ಎರಡನೇ ಸಲ ಓದಿದಾಗ ನನಗೆ ಹೊಳೆಯಿತು. ರಾಜು ಸುಳ್ಳುಗಾರ. ಮಾಲ್ಗುಡಿ ರೈಲ್ವೆ ಸ್ಟೇಷನ್ನಿನಲ್ಲಿ ಅಂಗಡಿ ಇಟ್ಟುಕೊಂಡು, ಪ್ರವಾಸಿಗಳಿಗೆ ಬಾಯಿಗೆ ಬಂದಿದ್ದು ಹೇಳುತ್ತಾ ಗೈಡ್ ಆದವನು. ಬೇರೆಯವರ ಹೆಂಡತಿ ರೋಸಿಯನ್ನ ಪ್ರೀತಿಸಿ, ಅವಳನ್ನ ದೊಡ್ಡ ನರ್ತಕಿ ಮಾಡಿ, ಆ ದುಡ್ಡಿನಲ್ಲಿ ಮೆರೆದು, ಫೋರ್ಜರಿ ಸಹಿ ಹಾಕಿ ಜೈಲಿಗೆ ಹೋದವನು. ಜೈಲಿನಿಂದ ಬಂದು ನದಿ ದಡದ ಹಾಳು ಗುಡಿಯಲ್ಲಿ ಕೂತಿದ್ದವನನ್ನ ಹಳ್ಳಿಯ ವೇಲನ್ ಸ್ವಾಮೀಜಿ ಅಂದುಕೊಳ್ಳುತ್ತಾನೆ. ಉಪವಾಸ ಶುರುವಾಗಿದ್ದು ಕೂಡ ಒಂದು ಎಡವಟ್ಟಿನಿಂದ. ಹಳ್ಳಿಯಲ್ಲಿ ಹೊಡೆದಾಟ ನಿಲ್ಲಿಸೋವರೆಗೂ ನಾನು ಊಟ ಮಾಡಲ್ಲ ಅಂತ ರಾಜು ಹೇಳಿ ಕಳಿಸುತ್ತಾನೆ. ಸುದ್ದಿ ತಗೊಂಡು ಹೋದ ವೇಲನ್‌ನ ಪೆದ್ದ ತಮ್ಮ ಅದನ್ನ ಅಡ್ಡಾದಿಡ್ಡಿ ಹೇಳಿ, ಜನ 'ಸ್ವಾಮಿಗಳು ಮಳೆ ಬರೋವರೆಗೂ ಉಪವಾಸ' ಅಂತ ಅರ್ಥ ಮಾಡಿಕೊಳ್ಳುತ್ತಾರೆ. ಇಂಥವನ ಪ್ರಾರ್ಥನೆಗೆ ಮಳೆ ಬಂದುಬಿಟ್ಟರೆ ಅದು ಪವಾಡದ ಕತೆ. ಬರದೇ ಹೋದರೆ ಗೇಲಿಯ ಕತೆ. ನಾರಾಯಣ್ ಎರಡಕ್ಕೂ ಹೋಗಲಿಲ್ಲ. ರಾಜು ಒಂದು ಗಳಿಗೆಯಾದರೂ ನಿಜವಾಗಿ ಪ್ರಾರ್ಥನೆ ಮಾಡಿದನಾ ಅನ್ನುವುದೇ ಮುಖ್ಯ. ಅದಕ್ಕೆ ಉತ್ತರ ಆಕಾಶದಲ್ಲಿ ಇಲ್ಲ.

*

1958ರಲ್ಲಿ ಪುಸ್ತಕ ಬಂತು. 1960ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಇಂಗ್ಲಿಷ್ ಕೃತಿಯೊಂದಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಆಮೇಲೆ ದೇವ್ ಆನಂದ್ ಮೈಸೂರಿಗೆ ಬಂದರು, ಚೆಕ್ ಪುಸ್ತಕದ ಸಮೇತ. ಯೋಜನೆ ದೊಡ್ಡದು. ಇಂಗ್ಲಿಷಿನಲ್ಲಿ ಒಂದು, ಹಿಂದಿಯಲ್ಲಿ ಒಂದು, ಎರಡು ಗೈಡ್. ಇಂಗ್ಲಿಷ್ ಚಿತ್ರಕ್ಕೆ ಬರೆಯುವವರು ನೊಬೆಲ್ ಪ್ರಶಸ್ತಿ ಪಡೆದ ಪರ್ಲ್ ಎಸ್. ಬಕ್, ನಿರ್ದೇಶಕರು ಟ್ಯಾಡ್ ಡ್ಯಾನಿಯಲೆವ್ಸ್ಕಿ. ಯಾವ ಲೇಖಕನಿಗೆ ಬೇಡ ಹೇಳಿ?

ಮುಂದೆ ಏನಾಯ್ತು ಅನ್ನೋದನ್ನ ನಾರಾಯಣ್ 'ಮಿಸ್‌ಗೈಡೆಡ್ ಗೈಡ್' ಅನ್ನುವ ಪ್ರಬಂಧದಲ್ಲಿ ಬರೆದಿದ್ದಾರೆ. ಸಿನಿಮಾದಿಂದ ನಿರಾಸೆಯಾದ ಪ್ರೇಕ್ಷಕ ಬರೆದದ್ದರಲ್ಲಿ ಇದಕ್ಕಿಂತ ಒಳ್ಳೆಯದನ್ನ ನಾನಂತೂ ಓದಿಲ್ಲ. ಎಲ್ಲೂ ಕೂಗಾಟ ಇಲ್ಲ. ನಗಿಸುತ್ತಲೇ ಹೊಡೀತಾರೆ.

ಅಮೆರಿಕದಿಂದ ಬಂದವರನ್ನ ನಾರಾಯಣ್ ಸ್ವತಃ ಗೈಡ್ ಆಗಿ ಸುತ್ತಿಸಿದರು. ಕಾವೇರಿ ದಡದ ಮೆಟ್ಟಿಲು, ಆಲದ ಮರದ ಕೆಳಗಿನ ಪುಟ್ಟ ಗುಡಿ ತೋರಿಸಿದರು. ಕತೆ ಬರೆಯುವಾಗ ಮನಸ್ಸಿನಲ್ಲಿದ್ದ ಜಾಗವೇ ಅದು. ಬೇಸಿಗೆಯಲ್ಲಿ ನದಿ ಬತ್ತಿದಾಗ ಬಂದರೆ ಬರದ ದೃಶ್ಯವೂ ಅಲ್ಲೇ ಸಿಗುತ್ತೆ. ನಂಜನಗೂಡಿಗೆ ಕರೆದುಕೊಂಡು ಹೋದರು. ಕಪಿಲೆ, ಸಣ್ಣ ಬೀದಿಗಳು, ಸಿಹಿ-ಆಟಿಕೆ-ರಿಬ್ಬನ್ ಮಾರುವ ಅಂಗಡಿಗಳು, ಸ್ನಾನಕ್ಕೆ ಬಂದ ಯಾತ್ರಿಕರು. ಇನ್ನು ಕೆಲವೇ ವಾರಕ್ಕೆ ಜಾತ್ರೆ, ಆಗ ಇದರ ನೂರುಪಟ್ಟು ಜನ ಸೇರ್ತಾರೆ. ಒಬ್ಬ ಕ್ಯಾಮರಾಮನ್ ಕಳಿಸಿದರೆ ಸಾಕು, ಕೊನೆಯ ದೃಶ್ಯದ ಜನಸಂದಣಿ ಪುಕ್ಕಟೆ! ಗೋಪಾಲಸ್ವಾಮಿ ಬೆಟ್ಟಕ್ಕೂ ಹತ್ತಿಸಿದರು. ಕಾದಂಬರಿಯಲ್ಲಿ ರೋಸಿಯ ಗಂಡ ಮಾರ್ಕೋ ಉಳಿದುಕೊಳ್ಳುವ ಕಾಡಿನ ಬಂಗಲೆಗೆ ಅದು ಹೇಳಿ ಮಾಡಿಸಿದ ಜಾಗ. ಬಂದವರು ಎಲ್ಲವನ್ನೂ ನೋಡಿ ಸಂತೋಷದಿಂದ ಉದ್ಗಾರ ತೆಗೆದರು.

ಆಮೇಲೆ ಸುದ್ದಿ ಬಂತು, ಶೂಟಿಂಗ್ ರಾಜಸ್ಥಾನದಲ್ಲಿ ಅಂತ.

ನಾರಾಯಣ್ ಕೇಳಿದರೆ ಸಿಕ್ಕ ಉತ್ತರದ ತಾತ್ಪರ್ಯ ಇಷ್ಟು: ಮಾಲ್ಗುಡಿಯನ್ನ ನಾವು ದೊಡ್ಡದು ಮಾಡ್ತಿದ್ದೇವೆ, ನಾವೆಲ್ಲಿ ಇಟ್ಟರೆ ಅಲ್ಲಿ ಮಾಲ್ಗುಡಿ. ಬಣ್ಣದ ಚಿತ್ರ, ಅಗಲವಾದ ಪರದೆ, ಅಮೆರಿಕದ ಪ್ರೇಕ್ಷಕ. ಅವರಿಗೆ ನಂಜನಗೂಡಿನ ರಿಬ್ಬನ್ ಅಂಗಡಿ ಯಾಕೆ ಬೇಕು? ಉದಯಪುರದ ಅರಮನೆ ಬೇಕು. ಕತೆಯಲ್ಲಿಲ್ಲದ ಹುಲಿ ಕಾಳಗವನ್ನೂ ಸೇರಿಸೋಕೆ ಹೊರಟರಂತೆ. ನನ್ನ ಕತೆಯಲ್ಲಿ ಹುಲಿ ಕಾಳಗ ಎಲ್ಲಿದೆ ಅಂತ ಬರೆದವರು ಕೇಳಿದರೆ, ಇದೆ ಅಂತ ಬರೆದವರಿಗೇ ವಾದಿಸಿದರಂತೆ!

ಇದನ್ನ ಓದುವಾಗ ನನಗೆ ನಗು ತಡೆಯೋಕೆ ಆಗಲಿಲ್ಲ, ಯಾಕಂದ್ರೆ ನಮ್ಮ ಕೆಲಸದಲ್ಲಿ ಇದು ವಾರಕ್ಕೊಂದು ಸಲ ಆಗುತ್ತೆ. ಕೇಳಿದ್ದು ಒಂದು ಲಾಗಿನ್ ಪುಟ. ಮೂರು ಮೀಟಿಂಗ್ ಆದಮೇಲೆ ಅದಕ್ಕೆ ಮ್ಯಾಪು, ಚಾಟು, ಮೂಲೆಯಲ್ಲಿ ಕುಣಿಯೋ ಗೊಂಬೆ ಎಲ್ಲಾ ಬಂದು ಕೂತಿರುತ್ತೆ. ಇದೆಲ್ಲ ಯಾಕೆ ಅಂದರೆ, ನೀವು ಕೊಟ್ಟ ಡಾಕ್ಯುಮೆಂಟಿನಲ್ಲೇ ಇದೆಯಲ್ಲ ಅಂತಾರೆ :-)

1965ರಲ್ಲಿ ಇಂಗ್ಲಿಷ್ ಗೈಡ್ ಅಮೆರಿಕದಲ್ಲಿ ಬಿಡುಗಡೆಯಾಗಿ ಮಕಾಡೆ ಮಲಗಿತು. ಹಿಂದಿ ಗೈಡ್ ದೇವ್ ಆನಂದರ ತಮ್ಮ ವಿಜಯ್ ಆನಂದ್ ಕೈಗೆ ಬಂತು. ಅವರು ಚಿತ್ರಕತೆಯನ್ನ ಹೊಸದಾಗಿ ಬರೆದರು. ಅದು ಗೆದ್ದಿತು, ಏಳು ಫಿಲ್ಮ್‌ಫೇರ್ ಪ್ರಶಸ್ತಿ ಬಾಚಿಕೊಂಡಿತು. ಅಪ್ಪನನ್ನು ಅಳಿಸಿದ್ದು ಇದೇ.

*

ಇಲ್ಲೊಂದು ತಮಾಷೆ ಇದೆ. ಸಿನಿಮಾದವರು ಕತೆಯನ್ನ ಏನು ಮಾಡ್ತಾರೆ ಅಂತ ನಾರಾಯಣ್‌ಗೆ ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು. 1947ರಲ್ಲೇ ಮದರಾಸಿನ ಜೆಮಿನಿ ಸ್ಟುಡಿಯೋದ 'ಮಿಸ್ ಮಾಲಿನಿ' ತಮಿಳು ಚಿತ್ರಕ್ಕೆ ಕತೆ ಕೊಟ್ಟಿದ್ದರು. 1949ರಲ್ಲಿ 'ಮಿಸ್ಟರ್ ಸಂಪತ್' ಕಾದಂಬರಿ ಬರೆದರು. ಅದರಲ್ಲಿ ಮಾಲ್ಗುಡಿಗೆ ಒಂದು ಸಿನಿಮಾ ಕಂಪನಿ ಬರುತ್ತೆ. ಶಿವ ಕಾಮನನ್ನ ಸುಡುವ ಕತೆಯನ್ನ ಚಿತ್ರ ಮಾಡೋಕೆ ಹೊರಡುತ್ತಾರೆ. ಪತ್ರಿಕೆ ನಡೆಸುತ್ತಿದ್ದ ಶ್ರೀನಿವಾಸ ಅದಕ್ಕೆ ಬರೆಯುತ್ತಾನೆ, ಕತೆ ದಿನದಿನಕ್ಕೂ ಅವನ ಕೈ ತಪ್ಪುತ್ತಾ ಹೋಗುತ್ತೆ, ಕೊನೆಗೆ ಎಲ್ಲಾ ಎಕ್ಕುಟ್ಟಿ ಹೋಗುತ್ತೆ. ಅಂದರೆ ಗೈಡ್ ಚಿತ್ರಕ್ಕೆ ಹದಿನೈದು ವರ್ಷ ಮೊದಲೇ ತನಗೆ ಆಗುವುದನ್ನ ತಾವೇ ಬರೆದಿಟ್ಟಿದ್ದರು! ಅಷ್ಟೇ ಅಲ್ಲ, 'ಗೈಡ್' ಕಾದಂಬರಿಯ ಕೊನೆಯ ಭಾಗದಲ್ಲೇ ಒಬ್ಬ ಕ್ಯಾಲಿಫೋರ್ನಿಯಾದ ಟಿವಿ ಚಿತ್ರಗಳ ನಿರ್ಮಾಪಕ ಕ್ಯಾಮರಾ ಹೊತ್ತು ಹಳ್ಳಿಗೆ ಬರುತ್ತಾನೆ. ಉಪವಾಸದಿಂದ ಸಾಯುತ್ತಿರುವ ರಾಜುವನ್ನ ನಗುನಗುತ್ತಾ ಪ್ರಶ್ನೆ ಕೇಳುತ್ತಾನೆ. ಆ ಪುಟಗಳನ್ನ ಅಮೆರಿಕದಿಂದ ಬಂದ ಸಿನಿಮಾದವರು ಓದಿದಾಗ ಏನನ್ನಿಸಿತೋ!

*

ಹಾಗಾದರೆ ನಾರಾಯಣ್ ಕತೆಯನ್ನ ಪರದೆಗೆ ತರೋಕೇ ಆಗಲ್ವಾ? ಆಗುತ್ತೆ. ಆಗಿದ್ದು ಕನ್ನಡದವರಿಂದ.

1983ರಲ್ಲಿ ಟಿ.ಎಸ್. ನಾಗಾಭರಣ 'ಬ್ಯಾಂಕರ್ ಮಾರ್ಗಯ್ಯ' ಮಾಡಿದರು, 'ದಿ ಫೈನಾನ್ಶಿಯಲ್ ಎಕ್ಸ್‌ಪರ್ಟ್' ಕಾದಂಬರಿಯಿಂದ. ಬ್ಯಾಂಕಿನ ಎದುರು ಮರದ ಕೆಳಗೆ ತಗಡಿನ ಪೆಟ್ಟಿಗೆ ಇಟ್ಟುಕೊಂಡು ರೈತರಿಗೆ ಸಾಲದ ಅರ್ಜಿ ಬರೆದುಕೊಡುವ ಮಾರ್ಗಯ್ಯನಾಗಿ ಲೋಕೇಶ್. ಆ ಪಾತ್ರ ಕನ್ನಡ ಮಾತಾಡಿದ್ದನ್ನ ಕೇಳಿದರೆ, ಇವನು ಇಂಗ್ಲಿಷಿನಲ್ಲಿ ಹುಟ್ಟಿದವನು ಅಂತ ನಂಬೋಕೇ ಆಗಲ್ಲ. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು.

ಆಮೇಲೆ 1986ರಲ್ಲಿ ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ದೂರದರ್ಶನದಲ್ಲಿ ಬಂತು. ನಿರ್ಮಾಪಕರು ಟಿ.ಎಸ್. ನರಸಿಂಹನ್, ಸಂಗೀತ ಎಲ್. ವೈದ್ಯನಾಥನ್, ಶೀರ್ಷಿಕೆಯ ಚಿತ್ರಗಳು ಲೇಖಕರ ತಮ್ಮ ಆರ್.ಕೆ. ಲಕ್ಷ್ಮಣ್ ಅವರದ್ದು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಮಗಳನ್ನ ಸಿನಿಮಾಗೆ ಕರೆದುಕೊಂಡು ಹೋಗೋಕೆ ಆಗದ ಗುಮಾಸ್ತನಾಗಿ ವಿಷ್ಣುವರ್ಧನ್. ಮಿಠಾಯಿ ಮಾರುವ ಜಗನ್ ಆಗಿ ಅನಂತ್‌ನಾಗ್. ನಾನು ಹುಟ್ಟೋಕೆ ಮುಂಚಿನದು, ಯೂಟ್ಯೂಬಿನಲ್ಲಿ ನೋಡಿದ್ದು. ಆದರೂ ಆ ರಾಗ ಕೇಳಿದರೆ ನಾನೇ ಅಲ್ಲಿ ಬೆಳೆದವನ ಹಾಗೆ ಅನ್ನಿಸುತ್ತೆ.

ಈಗ ಒಂದು ಪ್ರಶ್ನೆ. ಗೈಡ್‌ನವರು ಮಾಲ್ಗುಡಿಯನ್ನ ಉದಯಪುರಕ್ಕೆ ಒಯ್ದರು ಅಂತ ಬೈತೀವಲ್ಲ, ಶಂಕರ್‌ನಾಗ್ ಮಾಡಿದ್ದೇನು? ಆಗುಂಬೆಗೆ ಒಯ್ದರು! ಕಾದಂಬರಿಗಳ ಮಾಲ್ಗುಡಿಯಲ್ಲಿ ಸರಯೂ ನದಿ ಇದೆ, ಮೆಂಪಿ ಬೆಟ್ಟ ಇದೆ, ಮದರಾಸಿಗೆ ರೈಲಿದೆ. ವರ್ಷಕ್ಕೆ ಅಷ್ಟು ಮಳೆ ಸುರಿಯುವ, ರೈಲೇ ಇಲ್ಲದ ಮಲೆನಾಡಿನ ಆಗುಂಬೆ ಅದು ಹೇಗಾದೀತು? ರೈಲು ಸ್ಟೇಷನ್ನಿಗೆ ಶಿವಮೊಗ್ಗ ಜಿಲ್ಲೆಯ ಅರಸಾಳಿಗೆ ಹೋಗಬೇಕಾಯ್ತು. (2020ರಲ್ಲಿ ಅಲ್ಲಿ ಮಾಲ್ಗುಡಿ ಮ್ಯೂಸಿಯಂ ಆಗಿದೆ, ಆ ಕಡೆ ಹೋದರೆ ಇಳಿದು ನೋಡಿ.) ಅದೂ ಸಾಲದು ಅಂತ ಪಾತ್ರಗಳೆಲ್ಲ ಹಿಂದಿ ಮಾತಾಡಿದವು. ಜಾಗ ಬೇರೆ, ಭಾಷೆ ಬೇರೆ. ಆದರೂ ನಾರಾಯಣ್‌ಗೆ ಆ ಸರಣಿ ಮೆಚ್ಚುಗೆಯಾಯಿತು, ಕತೆಗೆ ನಿಷ್ಠೆಯಿಂದ ಇದ್ದಾರೆ ಅಂತ ಹೊಗಳಿದರು.

ಇದರ ಬಗ್ಗೆ ತುಂಬಾ ಯೋಚನೆ ಮಾಡಿದೆ. ನನಗೆ ಸಿಕ್ಕ ಉತ್ತರ ಇದು. ಸಿನಿಮಾ ನಿರಾಸೆ ಮಾಡೋದು ಕತೆ ಬದಲಾಯಿಸಿದ್ದಕ್ಕಲ್ಲ, ಅದರ ಅಳತೆ ಬದಲಾಯಿಸಿದ್ದಕ್ಕೆ. ಆಗುಂಬೆ ಮಾಲ್ಗುಡಿಯಲ್ಲ, ಆದರೆ ಮಾಲ್ಗುಡಿಯಷ್ಟೇ ಇದೆ. ಒಂದು ಬೀದಿ, ಎದುರುಬದುರು ಮನೆ, ಜಗುಲಿ, ಒಬ್ಬರ ಮನೆಯ ವಿಷಯ ಇನ್ನೊಬ್ಬರಿಗೆ ಸಂಜೆಯೊಳಗೆ ಗೊತ್ತಾಗುವಷ್ಟು ಊರು. ಇಪ್ಪತ್ತೆರಡು ನಿಮಿಷದ ಕಂತು. ಅಷ್ಟರಲ್ಲಿ ಒಬ್ಬ ಗುಮಾಸ್ತ ಮಗಳಿಗೆ ಕೊಟ್ಟ ಮಾತು ತಪ್ಪುತ್ತಾನೆ. ಅಷ್ಟೇ ಕತೆ. ಅದಕ್ಕೆ ಹುಲಿ ಬೇಡ.

ಕೊನೆಯನ್ನೂ ನೋಡಿ. ಸ್ವಾಮಿಯ ಕತೆ ಮುಗಿಯೋದು ರೈಲು ಸ್ಟೇಷನ್ನಿನಲ್ಲಿ, ಗೆಳೆಯ ರಾಜಮ್ ಊರು ಬಿಟ್ಟು ಹೋಗುವಾಗ. ಮುನಿಸಿಕೊಂಡಿದ್ದ ರಾಜಮ್‌ಗೆ ಸ್ವಾಮಿ ಒಂದು ಪುಸ್ತಕ ಕೊಡಬೇಕು. ರೈಲು ಹೊರಟೇಬಿಡುತ್ತೆ. ರಾಜಮ್ ಕ್ಷಮಿಸಿದನಾ? ಕಾಗದ ಬರೀತಾನಾ? ವಿಳಾಸ ಕೊಟ್ಟಿದ್ದಾನೆ ಅಂತ ಗೆಳೆಯ ಮಣಿ ಏನೋ ಹೇಳುತ್ತಾನೆ, ಆದರೆ ಅವನ ಮುಖ ನೋಡಿದರೆ ಅದು ನಿಜವೋ ಸುಳ್ಳೋ ಸ್ವಾಮಿಗೆ ಗೊತ್ತಾಗಲ್ಲ. ಇದು 1935ರ ಮೊದಲ ಕಾದಂಬರಿ. ಇಪ್ಪತ್ಮೂರು ವರ್ಷ ಆದಮೇಲೆ ಬರೆದ 'ಗೈಡ್' ಕೂಡ ಹಾಗೇ ಮುಗಿಯುತ್ತೆ. ನಾರಾಯಣ್‌ಗೆ ಕತೆ ಮುಗಿಸೋಕೆ ಬರ್ತಿರಲಿಲ್ಲ ಅಂತ ನಾನು ಹಾಸ್ಟೆಲ್‌ನಲ್ಲಿ ಬೈದಿದ್ದೆನಲ್ಲ, ಅವರು ಮೊದಲಿಂದ ಮುಗಿಸುತ್ತಿದ್ದದ್ದೇ ಹಾಗೆ.

ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅಪಘಾತದಲ್ಲಿ ಹೋಗಿಬಿಟ್ಟರು. ಅವರು ಬದುಕಿದ್ದು 'ಗೈಡ್' ಅನ್ನೇ ಎಂಟು ಹತ್ತು ಕಂತು ಮಾಡಿದ್ದರೆ! ನಂಜನಗೂಡಿನ ಜಾತ್ರೆ, ಕಾವೇರಿಯ ಮೆಟ್ಟಿಲು, ಆಲದ ಮರ... ನಾರಾಯಣ್ ತೋರಿಸಿದ ಜಾಗಗಳೆಲ್ಲ ಹಾಗೇ ಕಾಯ್ತಾ ಇದ್ದವು.

*

ಇದನ್ನೆಲ್ಲ ಒಟ್ಟು ಮಾಡಿಕೊಂಡು, ಪಾಯಿಂಟ್ ಹಾಕಿಕೊಂಡು, ಕಳೆದ ಸಲ ಊರಿಗೆ ಹೋದಾಗ ಅಪ್ಪನ ಮುಂದೆ ವಾದ ಮಂಡಿಸಿದೆ. ಸಿನಿಮಾದ ಮಾರ್ಕೋ ಬಗ್ಗೆ ಹೇಳಿದೆ. ಪುಸ್ತಕದಲ್ಲಿ ಅವನು ಕೆಟ್ಟವನಲ್ಲ, ಗುಹೆಯ ಚಿತ್ರಗಳಲ್ಲಿ ಮುಳುಗಿ ಹೆಂಡತಿಯನ್ನ ಮರೆತ ವಿದ್ವಾಂಸ. ಸಿನಿಮಾದಲ್ಲಿ ಅವನಿಗೆ ಕುಡಿತ, ಹೆಣ್ಣಿನ ಸಹವಾಸ ಎಲ್ಲಾ ಅಂಟಿಸಿದ್ದಾರೆ, ರೋಸಿ ಬಿಟ್ಟು ಬಂದರೆ ಜನ ಒಪ್ಪಬೇಕಲ್ಲ ಅಂತ. ಇದು ಮೋಸ ಅಲ್ವಾ?

ಅಪ್ಪ ಪೇಪರ್ ಮಡಿಸಿಟ್ಟು ಕೇಳಿದರು, "ಪುಸ್ತಕದಲ್ಲಿ ಅವಳು ಗಂಡನ್ನ ಬಿಟ್ಟು ಬರ್ತಾಳಾ?"

ನಾನು ತಡವರಿಸಿದೆ. ಪುಸ್ತಕದಲ್ಲಿ ಅವಳು ಬಿಡಲ್ಲ. ತಪ್ಪು ಒಪ್ಪಿಕೊಂಡು ಕ್ಷಮೆ ಕೇಳ್ತಾಳೆ, ಗಂಡನೇ ಅವಳನ್ನ ಸ್ಟೇಷನ್ನಿನಲ್ಲಿ ಬಿಟ್ಟು ರೈಲು ಹತ್ತುತ್ತಾನೆ. ಸಿನಿಮಾದಲ್ಲಿ ಅವಳೇ ಬಿಟ್ಟು ಹೊರಗೆ ಬರ್ತಾಳೆ.

"ಅರವತ್ತೈದರಲ್ಲಿ ಹಂಗ್ ತೋರ್ಸೋಕೆ ಧೈರ್ಯ ಬೇಕು ಕಣೋ" ಅಂದರು ಅಪ್ಪ. ಒಂದು ಪಾಯಿಂಟ್ ಹೋಯ್ತು. ನಿಜ ಹೇಳಬೇಕು ಅಂದರೆ ವಹೀದಾ ರೆಹಮಾನ್ ಅವರ ರೋಸಿ ಪುಸ್ತಕದ ರೋಸಿಗಿಂತ ಗಟ್ಟಿ ಹೆಂಗಸು. ಅಲ್ಲಿ ವಿಜಯ್ ಆನಂದ್ ಕತೆಯನ್ನ ಹಿಗ್ಗಿಸಲಿಲ್ಲ, ಆಳ ಮಾಡಿದರು. ಒಪ್ಪಿಕೊಂಡೆ.

ಆದರೆ ಮಳೆ? ಆ ಮಳೆಗೆ ಏನಂತೀರಿ ಅಂತ ಕೇಳಿದೆ. ಮೂರು ಗಂಟೆ ಕಷ್ಟಪಟ್ಟು ಕಟ್ಟಿದ್ದನ್ನ ಕೊನೆಗೆ ಪವಾಡ ಮಾಡಿ ಮುಗಿಸಿಬಿಟ್ಟರಲ್ಲ?

ಅಪ್ಪ ಹುಟ್ಟಿದ್ದು ನಾಗಮಂಗಲ ತಾಲೂಕಿನ ಹಳ್ಳಿಯಲ್ಲಿ. ಮಂಡ್ಯ ಜಿಲ್ಲೆ ಅಂದ ತಕ್ಷಣ ಎಲ್ಲರೂ ಕಬ್ಬು, ನಾಲೆ ಅಂದುಕೊಳ್ತಾರೆ. ನಮ್ಮ ಊರಿಗೆ ನಾಲೆ ಇರಲಿಲ್ಲ. ರಾಗಿ, ಹುರುಳಿ, ಆಕಾಶ ನೋಡೋ ಬೇಸಾಯ. 1972ರ ಬರದಲ್ಲಿ ಅಪ್ಪನಿಗೆ ಹತ್ತು ವರ್ಷ. ಆ ವರ್ಷ ಹುಲ್ಲಿಲ್ಲದೆ ಎತ್ತು ಮಾರಿದ ಕತೆ ತಾತನ ಬಾಯಲ್ಲಿ 'ಒಂದ್ಸಲ ಕಷ್ಟ ಆಗಿತ್ತು' ಅನ್ನೋದರಲ್ಲಿ ಮುಗಿದುಹೋಗುತ್ತಿತ್ತು. ಊರಲ್ಲಿ ಹೆಣ್ಣುಮಕ್ಕಳು ಮಳೆರಾಯನನ್ನ ಮಾಡಿ ಮನೆಮನೆಗೆ ಹೊತ್ತು ತಿರುಗಿದ್ದನ್ನ ಮಾತ್ರ ಅಪ್ಪ ಮೊದಲೂ ಹೇಳಿದ್ದರು.

"ಏನ್ ಬಂತು ಮಳೆ ಆಮೇಲೆ?" ಅಂತ ಈ ಸಲ ಕೇಳಿದೆ.

"ಎಲ್ ಬಂತು" ಅಂದರು. ಸ್ವಲ್ಪ ಹೊತ್ತು ಬಿಟ್ಟು ಅಂದರು, "ಮೈಸೂರಲ್ಲಿ ಪಿಯುಸಿ ಓದೋವಾಗ ಆ ಪಿಚ್ಚರ್ ನೋಡಿದ್ದು. ಹಳೇ ಪ್ರಿಂಟು, ಮಳೆನೋ ಗೀರೋ ಗೊತ್ತಾಗ್ತಿರ್ಲಿಲ್ಲ. ಮಳೆ ಬರದೇ ಇರೋದ್ ನೋಡಕ್ಕೆ ನಾನ್ಯಾಕೋ ದುಡ್ ಕೊಟ್ ಟಾಕೀಸ್‌ಗೆ ಹೋಗ್ಬೇಕು? ಅದ್ ಊರಲ್ಲೇ ಇತ್ತಲ್ಲ."

ನನಗೆ ಮಾತೇ ಹೊರಡಲಿಲ್ಲ. ಹದಿಮೂರನೇ ವಯಸ್ಸಿನಲ್ಲಿ ನೋಡಿದ ಆ ಟವೆಲ್ಲು ಈಗ ಅರ್ಥ ಆಯ್ತು. ದೇವ್ ಆನಂದ್ ಸತ್ತಿದ್ದಕ್ಕೆ ಅತ್ತರು ಅಂದುಕೊಂಡಿದ್ದೆ.

*

ಹಾಗಂತ ನಾನು ಪೂರ್ತಿ ಸೋತೆ ಅಂತಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಯೋಚಿಸುತ್ತಾ ಬಂದೆ. 2019ರಲ್ಲಿ ನಮ್ಮ ಮುಜರಾಯಿ ಇಲಾಖೆಯೇ ದೇವಸ್ಥಾನಗಳಲ್ಲಿ ಪರ್ಜನ್ಯ ಜಪ ಮಾಡಿಸೋಕೆ ಸುತ್ತೋಲೆ ಹೊರಡಿಸಿತ್ತು, ನೆನಪಿದೆಯಾ? ಬೆಂಗಳೂರಿನಲ್ಲಿ ನೀರು ತುಂಬಿದ ಪಾತ್ರೆಯಲ್ಲಿ ಕೂತು ಜಪ ಮಾಡುತ್ತಿದ್ದ ಪುರೋಹಿತರ ಕೈಯಲ್ಲಿ ಮೊಬೈಲ್ ಇದ್ದ ಫೋಟೋ ಎಲ್ಲಾ ಕಡೆ ಓಡಾಡಿತ್ತು. ನಾವೂ ನಕ್ಕಿದ್ದೆವು. 2023ರ ಬರದಲ್ಲಿ ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ 124.80 ಅಡಿಯ ಕನ್ನಂಬಾಡಿಯಲ್ಲಿ ನೂರು ಅಡಿಯೂ ನೀರಿರಲಿಲ್ಲ. ಆಗ ಯಾರೂ ನಗಲಿಲ್ಲ. ನಾರಾಯಣ್ ಬರೆದಿದ್ದು ಈ ಎರಡರ ನಡುವಿನ ಜಾಗದ ಬಗ್ಗೆ. ನಗು ಬರುವಂಥ ವೇಷ, ಆದರೆ ನದಿ ಒಣಗಿರೋದು ಮಾತ್ರ ನಿಜ. ಆ ಜಾಗದಲ್ಲಿ ನಿಲ್ಲೋಕೆ ಇವತ್ತಿಗೂ ಆ ಪುಸ್ತಕದ ಕೊನೆಯ ಪುಟವೇ ಬೇಕು, ಸಿನಿಮಾದ ಕೊನೆಯ ರೀಲು ಸಾಲದು.

ಆದ್ದರಿಂದ ನನ್ನ ಪರಿಷ್ಕೃತ ಅಭಿಪ್ರಾಯ ಹೀಗಿದೆ. ಗೈಡ್ ಸಿನಿಮಾದ ಮಳೆಯನ್ನ ಕ್ಷಮಿಸಿದ್ದೇನೆ. ಅದು ನಾಗಮಂಗಲದ ಹುಡುಗನೊಬ್ಬನಿಗೆ ಬೇಕಾಗಿತ್ತು. ಉದಯಪುರವನ್ನ ಮಾತ್ರ ಕ್ಷಮಿಸಿಲ್ಲ. ಆ ಹುಡುಗ ಟಾಕೀಸಿನಲ್ಲಿ ಕೂತು ನೋಡಿದ ಮಳೆ ಅವನದೇ ಕಾವೇರಿಯ ಮೇಲೆ ಬೀಳಬಹುದಿತ್ತು. ನಾರಾಯಣ್ ಜಾಗ ಕೂಡ ತೋರಿಸಿಕೊಟ್ಟಿದ್ದರು. ಮೈಸೂರಿನಲ್ಲಿ ಹುಟ್ಟಿದ ಕತೆಯನ್ನ, ಮೈಸೂರಿನಲ್ಲೇ ಕೂತು ನೋಡಿದ ಅಪ್ಪನಿಗೆ ಅದು ತಮ್ಮ ಕಡೆಯ ಬರ ಅಂತ ಗೊತ್ತೇ ಇರಲಿಲ್ಲ. ನಾನು ಹೇಳಿದ ಮೇಲೇ ಗೊತ್ತಾಗಿದ್ದು. "ಹೌದಾ? ನಮ್ ಕನ್ನಂಬಾಡಿದಾ?" ಅಂತ ಎರಡು ಸಲ ಕೇಳಿದರು.

ಮುಂದಿನ ತಿಂಗಳು ಊರಿಗೆ ಹೋದಾಗ ಪುಸ್ತಕ ತಗೊಂಡು ಹೋಗ್ತಿದ್ದೇನೆ. ಅಪ್ಪನಿಗೆ ಇಂಗ್ಲಿಷ್ ಕಾದಂಬರಿ ಓದೋ ಅಭ್ಯಾಸ ಇಲ್ಲ, ಕೊನೆಯ ಎರಡು ಪುಟ ನಾನೇ ಕನ್ನಡದಲ್ಲಿ ಹೇಳ್ತೀನಿ. ಹಾಳೆ ಹರಿದಿದೆ ಅಂತ ಅವರೂ ಅಂತಾರೋ ಏನೋ, ನೋಡಬೇಕು.

ಕೊಸರು: ಗೈಡ್‌ಗೆ ಬಂದ ಏಳು ಫಿಲ್ಮ್‌ಫೇರ್ ಪ್ರಶಸ್ತಿಗಳಲ್ಲಿ ಒಂದು ಅತ್ಯುತ್ತಮ ಕತೆಗೆ. ಕೊಟ್ಟಿದ್ದು ಆರ್.ಕೆ. ನಾರಾಯಣ್ ಅವರಿಗೆ! ಸಂಗೀತದ ಪ್ರಶಸ್ತಿ ಮಾತ್ರ ಬರ್ಮನ್‌ಗೆ ಬರಲಿಲ್ಲ. ಈ ಒಂದು ವಿಷಯದಲ್ಲಿ ನನಗೂ ಅಪ್ಪನಿಗೂ ಭಿನ್ನಾಭಿಪ್ರಾಯ ಇಲ್ಲ, ಇಬ್ಬರಿಗೂ ಒಂದೇ ಸಮ ಸಿಟ್ಟು.